ನಿವೃತ್ತ ಬೇಸ್‌ಬಾಲ್ ಆಟಗಾರರ ಸಹಿ: ಕಾಗದ ಬರೆಯುವುದೋ, ಶುಲ್ಕ ಕೊಡುವುದೋ, ಕೊಂಡೇ ಬಿಡುವುದೋ?

ಒಹಾಯೊಗೆ ಬಂದ ಎರಡನೇ ವರ್ಷ, ಬೀದಿ ಕೊನೆಯ ಮನೆಯ ಗರಾಜ್ ಸೇಲಿನಲ್ಲಿ ಒಂದು ಶೂ ಡಬ್ಬಿ ತುಂಬ, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡು ಐದು ಡಾಲರಿಗೆ ಸಿಕ್ಕಿತು. ಬಹುಪಾಲು ಟಾಪ್ಸ್ ಕಂಪನಿಯ 1978ರ ಕಾರ್ಡುಗಳು. ಆಗ ನನಗೆ ಆಟದ ನಿಯಮಗಳೇ ಪೂರ್ತಿ ಬರುತ್ತಿರಲಿಲ್ಲ. ಆದರೂ ಅದರಲ್ಲಿದ್ದ ಒಬ್ಬ ರಿಲೀಫ್ ಪಿಚರ್‌ನ (ಪಂದ್ಯದ ನಡುವೆ ಬದಲಿಯಾಗಿ ಬಂದು ಚೆಂಡೆಸೆಯುವವನ) ಮುಖ ಹಿಡಿಸಿತು. ಅವರ ಬಗ್ಗೆ ಓದಿಕೊಂಡು ಒಂದು ಪುಟದ ಕಾಗದ ಬರೆದೆ. ಅದರೊಳಗೆ ಕಾರ್ಡಿಟ್ಟು, ನನ್ನ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಇನ್ನೊಂದು ಲಕೋಟೆಯನ್ನೂ ಸೇರಿಸಿ ಅಂಚೆಗೆ ಹಾಕಿದೆ. ಹದಿನೇಳನೇ ದಿನ ನನ್ನದೇ ಕೈಬರಹದ ಲಕೋಟೆ ನನ್ನ ಮನೆಗೆ ಮರಳಿತು. ಕಾರ್ಡಿನ ಮೇಲೆ ನೀಲಿ ಸಹಿ ಇತ್ತು. ಜೊತೆಗೊಂದು ಚೀಟಿ, ಅದರಲ್ಲಿ ಎರಡು ಪ್ರಶ್ನೆ: ನಿನ್ನ ಹೆಸರನ್ನು ಹೇಗೆ ಉಚ್ಚರಿಸಬೇಕು, ನಿನ್ನ ಊರು ಎಲ್ಲಿದೆ? ಎಪ್ಪತ್ತು ದಾಟಿದ ಆ ಹಿರಿಯರಿಗೆ ಕರ್ನಾಟಕ ಎಲ್ಲಿದೆಯೆಂದು ಪುಟ್ಟ ನಕ್ಷೆ ಬರೆದು ಕಳಿಸಿದೆ.

ಇಲ್ಲಿನ ಸಂಗ್ರಾಹಕರು ಇದನ್ನು ‘ಥ್ರೂ ದ ಮೇಲ್’ ಅಥವಾ ಬರೀ ‘ಟಿಟಿಎಂ’ ಎನ್ನುತ್ತಾರೆ. ಒಳಗಿಡುವ ಲಕೋಟೆಗೆ ‘ಎಸ್‌ಎಎಸ್‌ಇ’ ಎಂದು ಹೆಸರು. ಈ ಹವ್ಯಾಸಕ್ಕೆ ಹೊಸದಾಗಿ ಇಳಿಯುವ ನಮ್ಮವರು, ಅದರಲ್ಲೂ ಮಕ್ಕಳನ್ನು ಲಿಟಲ್ ಲೀಗಿಗೆ ಕರೆದೊಯ್ಯುತ್ತ ಆಟದ ರುಚಿ ಹತ್ತಿಸಿಕೊಂಡ ಅಪ್ಪ ಅಮ್ಮಂದಿರು, ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ದಾರಿ ಒಳ್ಳೆಯದು? ನಾನು ತಿರುಗಿ ಕೇಳುವುದೂ ಒಂದೇ: ಯಾರ ಸಹಿ ಬೇಕು? ದಾರಿಯನ್ನು ತೀರ್ಮಾನಿಸುವುದು ನಮ್ಮ ಜೇಬಿಗಿಂತ ಹೆಚ್ಚಾಗಿ ಆ ಆಟಗಾರ ಯಾರು, ಈಗ ಎಷ್ಟು ವಯಸ್ಸು, ಅವರ ಮನೆಗೆ ದಿನಕ್ಕೆ ಎಷ್ಟು ಕಾಗದ ಬರುತ್ತವೆ ಎಂಬುದು.

ಮನೆಗೆ ನೇರ ಕಾಗದ

ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗಿನಲ್ಲಿ ಈವರೆಗೆ ಆಡಿದವರು 20,000ಕ್ಕೂ ಹೆಚ್ಚು ಮಂದಿ. ಅವರಲ್ಲಿ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್, ಅಂದರೆ ಶ್ರೇಷ್ಠರ ಗೌರವ ಪಟ್ಟಿ, ಸೇರಿದವರು ನೂರಕ್ಕೆ ಒಬ್ಬರಷ್ಟು. ಉಳಿದವರು ಮೂರು ವರ್ಷ, ಐದು ವರ್ಷ, ಕೆಲವರು ಒಂದೇ ಬೇಸಿಗೆ ಆಡಿ ಊರಿಗೆ ಮರಳಿದವರು. ಆಮೇಲೆ ವಿಮೆ ಮಾರಿದ್ದಾರೆ, ಶಾಲೆಯಲ್ಲಿ ಪಾಠ ಹೇಳಿದ್ದಾರೆ, ಹೊಲ ಉತ್ತಿದ್ದಾರೆ. ಸಂಗ್ರಾಹಕರ ಮಾತಿನಲ್ಲಿ ಇವರ ಕಾರ್ಡು ‘ಕಾಮನ್’. ಟಿಟಿಎಂನ ಜೀವ ಇರುವುದು ಇವರಲ್ಲೇ. ನಲವತ್ತು ವರ್ಷದ ಹಿಂದಿನ ಒಂದು ಪಂದ್ಯವನ್ನು ಅಪರಿಚಿತನೊಬ್ಬ ನೆನೆಸಿ ಕಾಗದ ಬರೆದರೆ ಅವರಿಗೆ ಅದು ಖುಷಿಯ ದಿನ. ನನಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಇಂಥವರಿಂದಲೇ.

ಖರ್ಚು ಎರಡು ಫಾರೆವರ್ ಸ್ಟಾಂಪು, ಎರಡು ಲಕೋಟೆ, ಒಂದು ಕಾರ್ಡು. ಒಟ್ಟು ತೂಕ ಒಂದು ಔನ್ಸ್, ಅಂದರೆ 28 ಗ್ರಾಂ ಒಳಗಿರಲಿ. ಉತ್ತರದ ಲಕೋಟೆಗೆ ಫಾರೆವರ್ ಸ್ಟಾಂಪನ್ನೇ ಅಂಟಿಸಿ. 2007ರಲ್ಲಿ ಬಂದ ಈ ಸ್ಟಾಂಪಿನ ಮೇಲೆ ಬೆಲೆ ಮುದ್ರಿಸಿರುವುದಿಲ್ಲ, ದರ ಏರಿದರೂ ಅದು ಸಲ್ಲುತ್ತದೆ. ಉತ್ತರ ಹತ್ತು ದಿನಕ್ಕೂ ಬರಬಹುದು, ಎರಡು ವರ್ಷಕ್ಕೂ ಬರಬಹುದು. ಬೆಲೆ ನಮೂದಿಸಿದ ಹಳೇ ಸ್ಟಾಂಪು ಅಂಟಿಸಿದ್ದರೆ ಅಷ್ಟರಲ್ಲಿ ದರ ಏರಿ, ಸಹಿಯಾದ ಕಾರ್ಡು ಅಂಚೆಯಲ್ಲೇ ಸಿಕ್ಕಿಕೊಳ್ಳಬಹುದು.

ಈ ದಾರಿಯ ತೊಡಕು ವಿಳಾಸ. ಸಂಗ್ರಾಹಕರ ವಲಯದಲ್ಲಿ ವಿಳಾಸ ಪಟ್ಟಿಗಳು ದಶಕಗಳಿಂದ ಓಡಾಡುತ್ತಿವೆ, ಆದರೆ ವಯಸ್ಸಾದವರು ಮನೆ ಬದಲಿಸುತ್ತಾರೆ, ಮಕ್ಕಳ ಬಳಿ ಹೋಗುತ್ತಾರೆ. ಅಮೆರಿಕದ ಅಂಚೆ ಇಲಾಖೆ ಹೊಸ ವಿಳಾಸಕ್ಕೆ ಕಾಗದ ತಿರುಗಿಸುವುದು ಸಾಮಾನ್ಯವಾಗಿ 12 ತಿಂಗಳು ಮಾತ್ರ. ಆಮೇಲೆ ಹೋದದ್ದು ‘ರಿಟರ್ನ್ ಟು ಸೆಂಡರ್’ ಮುದ್ರೆಯೊಂದಿಗೆ ವಾಪಸು. ಆದ್ದರಿಂದ ಇತ್ತೀಚೆಗೆ ಯಾರಿಗಾದರೂ ಉತ್ತರ ಬಂದ ವಿಳಾಸವೇ ಎಂದು ವಿಚಾರಿಸಿಕೊಂಡು ಬರೆಯಿರಿ. ವಿಳಾಸ ಗೊತ್ತೆಂದು ಮನೆ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಕಾಗದಕ್ಕೆ ಉತ್ತರಿಸುವುದೂ ಬಿಡುವುದೂ ಅವರ ಇಷ್ಟ, ಬಾಗಿಲು ತಟ್ಟಿದರೆ ಆ ಸ್ವಾತಂತ್ರ್ಯ ಅವರಿಗಿರುವುದಿಲ್ಲ.

ಹಾಲ್ ಆಫ್ ಫೇಮ್ ಸೇರಿದವರಲ್ಲೂ ಉದಾರಿಗಳಿದ್ದರು. ಬೋಸ್ಟನ್ ರೆಡ್ ಸಾಕ್ಸ್‌ನ ಬಾಬಿ ಡೋರ್ 2017ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು, ಅಂಚೆಯಲ್ಲಿ ಬಂದದ್ದಕ್ಕೆ ಸಹಿ ಹಾಕಿ ಕಳಿಸುವವರೆಂದೇ ಹೆಸರಾಗಿದ್ದರು. ಕ್ಲೀವ್‌ಲ್ಯಾಂಡಿನ ಬಾಬ್ ಫೆಲ್ಲರ್ 2010ರಲ್ಲಿ ತೀರಿಕೊಳ್ಳುವವರೆಗೆ ಎಷ್ಟು ಸಹಿ ಹಾಕಿದರೆಂದರೆ ಅವರ ಸಹಿ ಇವತ್ತಿಗೂ ಸಾಮಾನ್ಯ ಸಂಗ್ರಾಹಕನ ಕೈಗೆಟುಕುತ್ತದೆ. ಬ್ರೂಕ್ಲಿನ್ ಡಾಡ್ಜರ್ಸ್‌ನಲ್ಲಿ ಜಾಕಿ ರಾಬಿನ್ಸನ್ ಜೊತೆ ಆಡಿದ ಕಾರ್ಲ್ ಅರ್ಸ್ಕಿನ್ ಹಾಲ್ ಆಫ್ ಫೇಮ್ ಸೇರಿದವರಲ್ಲ, ಆದರೆ 1952ರಲ್ಲಿ ಒಮ್ಮೆ, 1956ರಲ್ಲಿ ಇನ್ನೊಮ್ಮೆ ನೋ-ಹಿಟ್ಟರ್, ಅಂದರೆ ಎದುರಾಳಿಗೆ ಒಂದೂ ಹಿಟ್ ಬಿಡದ ಪಂದ್ಯ, ಎಸೆದವರು. ಅವರೂ 97 ವರ್ಷ ಬದುಕಿ 2024ರಲ್ಲಿ ಹೋದರು. ಒಬ್ಬೊಬ್ಬರೇ ಹೊರಟು ಹೋಗುತ್ತಿದ್ದಾರೆ. ಹಾಗಾಗಿ ಐವತ್ತರ, ಅರವತ್ತರ ದಶಕದಲ್ಲಿ ಆಡಿದವರಿಗೆ ಬರೆಯುವುದನ್ನು ಮುಂದೂಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಒಂದನ್ನು ಮಾತ್ರ ನೋಡಿಕೊಳ್ಳಿ: ಅವರಿಗೆ ಮರೆವಿನ ಕಾಯಿಲೆ, ಕೈ ನಡುಕ ಎಂಬ ಸುದ್ದಿ ಇದ್ದರೆ ಬಿಟ್ಟುಬಿಡಿ. ಅಂಥ ಮನೆಗೆ ನಮ್ಮ ಲಕೋಟೆ ಇನ್ನೊಂದು ಹೊರೆ.

ಶುಲ್ಕ ಕೇಳುವವರು

ಕೆಲವರು ಒಂದು ಸಹಿಗೆ ಐದು, ಹತ್ತು, ಇಪ್ಪತ್ತು ಡಾಲರ್ ಕೇಳುತ್ತಾರೆ. ದುಡ್ಡಿಲ್ಲದೆ ಕಳಿಸಿದರೆ ಸಹಿಯಿಲ್ಲದ ಕಾರ್ಡಿನ ಜೊತೆ ದರದ ಚೀಟಿ ಇಟ್ಟು ವಾಪಸು ಮಾಡುವವರೂ ಇದ್ದಾರೆ. ಹೊಸಬರಿಗೆ ಇದು ಕಸಿವಿಸಿ. ಇಷ್ಟೆಲ್ಲ ಗಳಿಸಿದವರಿಗೆ ಹತ್ತು ಡಾಲರ್ ಯಾಕೆ ಎಂಬ ಮಾತು ಕೇಳಿದ್ದೇನೆ.

ಆ ಕಾಲದವರು ಅಷ್ಟೆಲ್ಲ ಗಳಿಸಲಿಲ್ಲ ಎಂಬುದು ನಾವು ಅರಿಯಬೇಕಾದ ಸಂಗತಿ. 1980ಕ್ಕೆ ಮೊದಲು ಮೇಜರ್ ಲೀಗಿನ ಪಿಂಚಣಿಗೆ ನಾಲ್ಕು ವರ್ಷದ ಸೇವೆ ಆಗಬೇಕಿತ್ತು. 1980ರಲ್ಲಿ ಆ ಮಿತಿಯನ್ನು 43 ದಿನಕ್ಕೆ ಇಳಿಸಿದರು, ಆದರೆ 1947ರಿಂದ 1979ರ ನಡುವೆ ನಾಲ್ಕು ವರ್ಷ ತುಂಬದೆ ಆಟ ಬಿಟ್ಟವರಿಗೆ ಅದನ್ನು ಹಿಂದಿನಿಂದ ಅನ್ವಯಿಸಲಿಲ್ಲ. ಮೂರೂವರೆ ವರ್ಷ ಬೆವರು ಸುರಿಸಿದವರಿಗೂ ಪಿಂಚಣಿ ಇಲ್ಲ. 2011ರಲ್ಲಿ ವರ್ಷಕ್ಕೆ ಗರಿಷ್ಠ 10,000 ಡಾಲರಿನ ಒಂದು ಪರಿಹಾರ ಬಂತು, ಪಿಂಚಣಿಯ ಹಕ್ಕು ಬರಲಿಲ್ಲ. ಇದನ್ನು ತಿಳಿದ ದಿನದಿಂದ ಎಪ್ಪತ್ತರ ದಶಕದ ಒಬ್ಬ ಕಾಮನ್ ಆಟಗಾರ ಹತ್ತು ಡಾಲರ್ ಕೇಳಿದರೆ ನಾನು ಮನಸ್ಸಾರೆ ಕೊಡುತ್ತೇನೆ. ಹಲವರು ಆ ದುಡ್ಡನ್ನು ಊರಿನ ಚರ್ಚಿಗೋ ಮಕ್ಕಳ ಆಸ್ಪತ್ರೆಗೋ ಕೊಡುತ್ತಾರೆ.

ಉಚಿತದ ದಾರಿಯನ್ನೂ ಶುಲ್ಕದ ದಾರಿಯನ್ನೂ ಹೋಲಿಸಿದರೆ ಶುಲ್ಕದಲ್ಲಿ ಭರವಸೆ ಹೆಚ್ಚು, ಉತ್ತರ ಬೇಗ. ನಗದು ಇಡುವುದಕ್ಕಿಂತ ಚೆಕ್ ಒಳ್ಳೆಯದು: ಕಳೆದರೆ ನಷ್ಟವಿಲ್ಲ, ಬ್ಯಾಂಕಿನಲ್ಲಿ ಚೆಕ್ ನಗದಾದರೆ ಕಾಗದ ತಲುಪಿದೆ ಎಂಬ ಗುರುತೂ ಸಿಗುತ್ತದೆ.

ತಂಡದ ವಿಳಾಸಕ್ಕೆ

ಕೋಚ್, ವೀಕ್ಷಕ ವಿವರಣೆಗಾರ, ತರಬೇತಿಯ ಅತಿಥಿ ಎಂದು ತಂಡದ ಜೊತೆಗೇ ಉಳಿದ ನಿವೃತ್ತರಿಗೆ ಮಾತ್ರ ಇದು ಸರಿ. ಫೆಬ್ರವರಿ ಮಧ್ಯದಲ್ಲಿ ಫ್ಲಾರಿಡಾ ಮತ್ತು ಅರಿಜೋನಾದ ಸ್ಪ್ರಿಂಗ್ ಟ್ರೈನಿಂಗ್ (ಸೀಸನ್‌ಗೆ ಮುಂಚಿನ ತರಬೇತಿ) ಮೈದಾನಗಳಿಗೆ ಕಾಗದ ಮುಟ್ಟುವಂತೆ ಕಳಿಸಿದರೆ ಉತ್ತರದ ಸಾಧ್ಯತೆ ಹೆಚ್ಚು, ಆಗ ಅವರಿಗೆ ಬಿಡುವಿರುತ್ತದೆ. ಸೀಸನ್ ನಡುವೆ ಮೈದಾನದಲ್ಲಿರುವ ತಂಡದ ಕೊಠಡಿಗೆ, ಅಂದರೆ ಕ್ಲಬ್‌ಹೌಸಿಗೆ, ಹೋದ ಕಾಗದ ರಾಶಿಯಲ್ಲಿ ಮುಳುಗುತ್ತದೆ. ಹಿಂದೆ ಕ್ಲಬ್‌ಹೌಸಿನ ಸಹಾಯಕರೇ ತಾರೆಗಳ ಸಹಿ ಮಾಡಿ ಕಳಿಸುತ್ತಿದ್ದುದೂ ಉಂಟು.

ಪ್ರೈವೇಟ್ ಸೈನಿಂಗ್ ಮತ್ತು ಕಾರ್ಡ್ ಶೋ

ದೊಡ್ಡ ಹೆಸರಿನವರಿಗೆ ಮನೆಗೆ ಬರೆದು ಕಾಯುವುದನ್ನು ನಾನು ಬಿಟ್ಟಿದ್ದೇನೆ. ಚೀಲಗಟ್ಟಲೆ ಬರುವ ಕಾಗದಗಳನ್ನು ಅವರು ತೆರೆಯಲೂ ಆಗುವುದಿಲ್ಲ. ಕಾರ್ಡು ವಾಪಸು ಬರದಿರಬಹುದು, ಬಂದರೂ ರಬ್ಬರ್ ಸ್ಟಾಂಪಿನದೋ, ಸಹಿಯನ್ನು ನಕಲು ಮಾಡಿ ಬರೆಯುವ ಆಟೋಪೆನ್ ಯಂತ್ರದ್ದೋ, ಕಾರ್ಯದರ್ಶಿಯ ಕೈಯದೋ ಸಹಿ ಇರಬಹುದು. ಇಬ್ಬರು ಸಂಗ್ರಾಹಕರಿಗೆ ಬಂದ ಎರಡು ಸಹಿ ಒಂದರ ಮೇಲೊಂದು ಇಟ್ಟರೆ ಗೆರೆಗೆ ಗೆರೆ ಕೂಡಿದರೆ ಅದು ಆಟೋಪೆನ್. ಮನುಷ್ಯನ ಕೈ ಎರಡು ಸಲ ಒಂದೇ ಥರ ಓಡುವುದಿಲ್ಲ.

ಇಂಥವರಿಗೆ ಪ್ರೈವೇಟ್ ಸೈನಿಂಗ್ ಇದೆ. ವ್ಯಾಪಾರಿಯೊಬ್ಬ ಆಟಗಾರನೊಂದಿಗೆ ಒಂದು ದಿನ ಗೊತ್ತು ಮಾಡಿರುತ್ತಾನೆ. ನೀವು ಕಾರ್ಡನ್ನೂ ಹಣವನ್ನೂ ಮೊದಲೇ ಕಳಿಸುತ್ತೀರಿ, ಸಹಿಯಾದ ಮೇಲೆ ವಿಮೆ ಮಾಡಿದ ಪೊಟ್ಟಣದಲ್ಲಿ ವಾಪಸು. ಯಾವ ಬಣ್ಣದ ಶಾಯಿ, ಎಲ್ಲಿ ಸಹಿ, ‘ಹಾಲ್ ಆಫ್ ಫೇಮ್’ ಎಂದೋ ವರ್ಷದ ಶ್ರೇಷ್ಠ ಆಟಗಾರ (ಎಂವಿಪಿ) ಆದ ವರ್ಷವನ್ನೋ ಸೇರಿಸಬೇಕೇ, ಎಲ್ಲವನ್ನೂ ಕೇಳಬಹುದು. ಬರಹ ಸೇರಿಸಲು ಬೇರೆ ದರ. ವ್ಯಾಪಾರಿಯ ಹಳೇ ದಾಖಲೆ ನೋಡದೆ ಕಳಿಸಬೇಡಿ. ಒಮ್ಮೆ ಒಬ್ಬರಿಗೆ ಹಣ ಕಟ್ಟಿ, ದಿನ ಮುಂದೂಡುತ್ತ ಮುಂದೂಡುತ್ತ ಕಾರ್ಡು ವಾಪಸು ಬರಲು ಹದಿನಾಲ್ಕು ತಿಂಗಳಾಯಿತು. ಅಂದಿನಿಂದ ದಿನಾಂಕ ನಿಗದಿಯಾಗದ ಯಾವ ಸೈನಿಂಗಿಗೂ ನಾನು ಕಾರ್ಡು ಕಳಿಸುವುದಿಲ್ಲ.

ಆಟಗಾರರು ಬಂದು ಸಹಿ ಹಾಕುವ ಸಂಗ್ರಾಹಕರ ಮೇಳ, ಅಂದರೆ ಕಾರ್ಡ್ ಶೋಗೆ, ಹೋಗಲು ಆಗುವವರು ಹೋಗಿ. ಎದುರಲ್ಲೇ ಸಹಿ ಹಾಕುವುದನ್ನು ನೋಡುತ್ತೀರಿ, ಎರಡು ಮಾತಾಡುತ್ತೀರಿ. ಸಾಲು ಉದ್ದ, ಸಮಯ ಅರ್ಧ ನಿಮಿಷ.

ಸಹಿಯಾದದ್ದನ್ನೇ ಕೊಳ್ಳುವುದು

ಅಂಗಡಿಯಲ್ಲಿ ಮಾರುವ ಕಾರ್ಡಿನ ಪ್ಯಾಕಿನೊಳಗೆ ಕಂಪನಿಯೇ ಸಹಿಯಾದ ಕಾರ್ಡು ಇಡುವ ರೂಢಿಗೆ 1990 ಒಂದು ಗುರುತು. ಅಪ್ಪರ್ ಡೆಕ್ ಕಂಪನಿ ಆ ವರ್ಷ ತಾರೆ ರೆಜ್ಜಿ ಜಾಕ್ಸನ್ ಕೈಯಿಂದ ಸಹಿ ಹಾಕಿಸಿ, ಸಂಖ್ಯೆ ಬರೆಸಿದ 2,500 ಕಾರ್ಡುಗಳನ್ನು ಪ್ಯಾಕುಗಳಲ್ಲಿ ಹರಡಿತು. ಈಗ ಟಾಪ್ಸ್ ಹಳೇ ಕಾರ್ಡುಗಳನ್ನೇ ಮರಳಿ ಕೊಂಡು ನಿವೃತ್ತರಿಂದ ಸಹಿ ಹಾಕಿಸಿ ‘ಆರ್ಕೈವ್ಸ್ ಸಿಗ್ನೇಚರ್’ ಹೆಸರಲ್ಲಿ ಮಾರುತ್ತದೆ. ನಿಜವಾದ ಸಹಿಯೇ ಎಂಬ ಚಿಂತೆ ಬೇಡ ಎನ್ನುವವರಿಗೆ ಇದು ಸುಲಭ. ಕೊಳ್ಳುವಾಗ ಸಹಿ ಕಾರ್ಡಿನ ಮೇಲೇ ಇದೆಯೇ, ಪಾರದರ್ಶಕ ಸ್ಟಿಕ್ಕರಿನ ಮೇಲಿದೆಯೇ ನೋಡಿ. ಸ್ಟಿಕ್ಕರಿನದಾದರೆ ಆಟಗಾರ ಆ ಕಾರ್ಡನ್ನು ಮುಟ್ಟಿಯೇ ಇರುವುದಿಲ್ಲ.

ಖಾಸಗಿಯವರಿಂದ ಕೊಳ್ಳುವುದಾದರೆ ಸಹಿ ಪರೀಕ್ಷಿಸುವ ಸಂಸ್ಥೆಗಳಾದ ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಇವುಗಳಲ್ಲೊಂದರ ದೃಢೀಕರಣ ಇರಲಿ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ನಡೆಸಿ ನಕಲಿ ಸಹಿಗಳ ದೊಡ್ಡ ಜಾಲವನ್ನು ಬಯಲಿಗೆಳೆಯಿತು. ಅಲ್ಲಿ ಸಿಕ್ಕ ನಕಲಿಗಳಲ್ಲಿ ಮದರ್ ತೆರೇಸಾ ಸಹಿಯ ಬೇಸ್‌ಬಾಲ್ ಕೂಡ ಇತ್ತು. ಬೇಬ್ ರೂತ್, ಮಿಕ್ಕಿ ಮ್ಯಾಂಟಲ್ ಸಹಿ ಅಗ್ಗಕ್ಕೆ ಸಿಕ್ಕರೆ ಹಿಗ್ಗುವ ಮೊದಲು ಇದನ್ನು ನೆನೆಯಿರಿ. ಕಾಮನ್ ಆಟಗಾರರಿಗೆ ಮಾತ್ರ ದೃಢೀಕರಣದ ಖರ್ಚು ಬೇಡ. ಶುಲ್ಕವೇ ಆ ಸಹಿಯ ಮಾರುಕಟ್ಟೆ ಬೆಲೆಯನ್ನು ಮೀರುತ್ತದೆ. ನಿಮ್ಮ ಕಾಗದದ ಪ್ರತಿ, ಕಳಿಸಿದ ಮತ್ತು ಬಂದ ದಿನಾಂಕ, ಅಂಚೆ ಮುದ್ರೆಯ ಲಕೋಟೆ ಇಷ್ಟನ್ನು ಜೊತೆಗಿಟ್ಟುಕೊಂಡರೆ ಸಾಕು.

ಯಾವ ಕಾರ್ಡು ಕಳಿಸುವುದು?

ನನ್ನ ಮಟ್ಟಿಗೆ ಅರ್ಧ ಸಂತೋಷ ಇಲ್ಲೇ ಇದೆ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರದ ರಟ್ಟು ಅದು. ಅದರ ಮೇಲೆ ಶಾಯಿ ಹೇಗೆ ಕೂರುತ್ತದೆ ಎಂಬುದು ರಟ್ಟು ಯಾವ ಕಾಲದ್ದು ಎಂಬುದರ ಮೇಲೆ ನಿಂತಿದೆ.

1991ರವರೆಗಿನ ಟಾಪ್ಸ್ ಕಾರ್ಡುಗಳು ಬೂದು ರಟ್ಟಿನವು, ಹೊಳಪು ಕಡಿಮೆ. ಶಾಯಿ ಹೀರಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. 1989ರಲ್ಲಿ ಅಪ್ಪರ್ ಡೆಕ್, 1991ರಲ್ಲಿ ಟಾಪ್ಸ್‌ನದೇ ಸ್ಟೇಡಿಯಂ ಕ್ಲಬ್ ಕಾರ್ಡುಗಳು ಬಂದ ಮೇಲೆ ಹೊಳಪಿನ ಕಾಲ ಶುರು. ಚೆಂದದ ಚಿತ್ರ, ಆದರೆ ಶಾಯಿ ಗುಳ್ಳೆ ಏಳುತ್ತದೆ, ಬೆರಳು ತಾಗಿದರೆ ಸವರಿಹೋಗುತ್ತದೆ. ಅಂಥದ್ದನ್ನೇ ಕಳಿಸಬೇಕಾದರೆ ಮೊದಲು ಮೇಲ್ಮೈಗೆ ಚಿಟಿಕೆ ಬೇಬಿ ಪೌಡರ್ ಹಾಕಿ ಮೆತ್ತನೆ ಬಟ್ಟೆಯಿಂದ ಹಗುರವಾಗಿ ಒರೆಸಿ ತೆಗೆಯಿರಿ. ಹೊಳಪಿನ ಎಣ್ಣೆ ಜಿಡ್ಡು ಹೋಗಿ ಸಹಿ ಕೂರುತ್ತದೆ. 2001ರಿಂದ ಬರುತ್ತಿರುವ ಟಾಪ್ಸ್ ಹೆರಿಟೇಜ್ ಕಾರ್ಡುಗಳು ಹಳೇ ವಿನ್ಯಾಸ, ಹಳೇ ಥರದ ರಟ್ಟು. ತೊಂಬತ್ತರ ದಶಕದ ನಂತರ ಆಡಿ ನಿವೃತ್ತರಾದವರಿಗೆ ನನ್ನ ಮೊದಲ ಆಯ್ಕೆ ಅದೇ.

ಇನ್ನೊಂದು ಸೂಕ್ಷ್ಮ ಹಲವರ ಕಣ್ಣಿಗೆ ಬೀಳುವುದಿಲ್ಲ. ಟಾಪ್ಸ್‌ನ ಕೆಲವು ವರ್ಷದ ಕಾರ್ಡುಗಳಲ್ಲಿ ಆಟಗಾರನ ಸಹಿಯ ನಕಲು ಮೊದಲೇ ಮುದ್ರಿತವಾಗಿರುತ್ತದೆ. 1952, 1959, 1971, 1975, 1977, 1980, 1982 ಅಂಥವು. ಅದರ ಮೇಲೆ ನಿಜವಾದ ಸಹಿ ಬಂದರೆ ಎರಡು ಗೆರೆಗಳ ಜಗಳ. 1973, 1974, 1976, 1978, 1983 ಮತ್ತು ಮರದ ಹಲಗೆಯಂಥ ಅಂಚಿನ 1987ರ ಕಾರ್ಡುಗಳಲ್ಲಿ ಆ ಕಾಟವಿಲ್ಲ. ಮುದ್ರಿತ ಸಹಿಯ ಕಾರ್ಡಿಗೂ ಒಂದು ಸೊಗಸಿದೆ: ಇಪ್ಪತ್ತೈದರ ಹುಡುಗನ ಕೈಬರಹದ ಪಕ್ಕ ಎಪ್ಪತ್ತೈದರ ಅಜ್ಜನ ಕೈಬರಹ. ನನ್ನ ಬಳಿ ಅಂಥ ಒಂದು 1975ರ ಕಾರ್ಡಿದೆ, ಐವತ್ತು ವರ್ಷದ ಬದುಕು ಎರಡು ಗೆರೆಯಲ್ಲಿ ಕಾಣುತ್ತದೆ. 1971ರದ್ದನ್ನು ಮಾತ್ರ ಅಂಚೆಗೆ ಹಾಕಬೇಡಿ, ಆ ಕಪ್ಪು ಅಂಚು ಮುಟ್ಟಿದರೆ ಚಕ್ಕೆ ಏಳುತ್ತದೆ, ಕಪ್ಪಿನ ಮೇಲೆ ಸಹಿಯೂ ಕಾಣುವುದಿಲ್ಲ.

ಬೆಲೆಬಾಳುವ ರೂಕಿ ಕಾರ್ಡು (ಆಟಗಾರನ ಮೊದಲ ಕಾರ್ಡು) ಅಂಚೆಯ ಪಾಲು ಮಾಡಬೇಡಿ. ಎಂಬತ್ತರ ದಶಕದ ಕೊನೆಯ ಕಾರ್ಡುಗಳು ಲೆಕ್ಕವಿಲ್ಲದಷ್ಟು ಅಚ್ಚಾದದ್ದರಿಂದ ಇವತ್ತಿಗೂ ಚಿಲ್ಲರೆ ಕಾಸಿಗೆ ಸಿಗುತ್ತವೆ. ಕಳೆದುಹೋದರೂ ಎದೆ ಒಡೆಯುವುದಿಲ್ಲ. ಒಬ್ಬರಿಗೆ ಎರಡು ಕಾರ್ಡು ಸಾಕು. ಆರು ಕಳಿಸಿದರೆ ಮಾರಾಟಕ್ಕೆ ಎಂದೇ ಅವರು ತಿಳಿಯುತ್ತಾರೆ.

ಪೆನ್ನು ನೀಲಿ ಶಾರ್ಪಿ ಮಾರ್ಕರ್. ಕಪ್ಪು ಶಾಯಿ ಚಿತ್ರದ ನೆರಳಿನಲ್ಲಿ ಕರಗುತ್ತದೆ. ಬೆಳ್ಳಿ ಬಣ್ಣದ ಪೇಂಟ್ ಪೆನ್ನು ಅಂಚೆಯಲ್ಲಿ ಬೇಡ, ಅಲ್ಲಾಡಿಸಿ ತೆರೆಯದಿದ್ದರೆ ಕಾರ್ಡಿನ ಮೇಲೆ ಸುರಿಯುತ್ತದೆ. ಚೆಂಡು ಕಳಿಸುವವರು ಉಲ್ಟಾ ನಡೆಯಬೇಕು: ಚರ್ಮಕ್ಕೆ ನೀಲಿ ಬಾಲ್‌ಪಾಯಿಂಟ್, ಶಾರ್ಪಿ ಹಾಕಿದರೆ ವರ್ಷಗಳಲ್ಲಿ ಹರಡಿ ಮಬ್ಬಾಗುತ್ತದೆ.

ಕಾರ್ಡನ್ನು ಮೆದು ಪ್ಲಾಸ್ಟಿಕ್ಕಿನ ಪೆನ್ನಿ ಸ್ಲೀವಿನಲ್ಲಿಟ್ಟು, ಎರಡು ತೆಳು ರಟ್ಟಿನ ನಡುವೆ ಸೇರಿಸಿ. ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಅಂದರೆ ಟಾಪ್‌ಲೋಡರ್, ಹಾಕಿದರೆ ಲಕೋಟೆ ಬಾಗದು, ಅಂಚೆಯ ಯಂತ್ರದಲ್ಲಿ ಸಾಗದು, ಹೆಚ್ಚಿನ ದರ ಬೀಳುತ್ತದೆ. ಗಮ್ ಟೇಪ್ ಸುತ್ತಬೇಡಿ. ಸಂಧಿವಾತದ ಬೆರಳುಗಳು ಅದನ್ನು ಬಿಚ್ಚಬೇಕಲ್ಲ.

ಹೆಸರು ಬರೆಸುವುದೋ, ಬರೀ ಸಹಿಯೋ?

ಮುಂದೊಂದು ದಿನ ಮಾರುವ ಯೋಚನೆಯಿದ್ದರೆ ಬರೀ ಸಹಿಗೆ ಬೆಲೆ ಹೆಚ್ಚು. ನಾನು ಮಾತ್ರ ‘ಇಂಥವರಿಗೆ’ ಎಂದು ನನ್ನ ಹೆಸರು ಬರೆಯಲು ಕೇಳುತ್ತೇನೆ, ಮಗಳು ಬರೆದ ಕಾಗದಕ್ಕೆ ಅವಳ ಹೆಸರು. ಇವರು ಮಾರುವವರಲ್ಲ ಎಂಬ ನಂಬಿಕೆ ಹುಟ್ಟಿ ಉತ್ತರವೂ ಹೆಚ್ಚು ಬರುತ್ತದೆ. ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬೇರೆ ಚೀಟಿಯಲ್ಲಿ ಬರೆದಿಡಿ, ನಮ್ಮ ಹೆಸರುಗಳ ಕಾಗುಣಿತ ಅವರಿಗೆ ಕಷ್ಟ.

ಸಹಿ ಓದುವಂತಿರಬೇಕೆಂದು ಬಯಸುವವರು ಹಳೇ ತಲೆಮಾರಿನವರಿಗೆ ಬರೆಯಿರಿ. 573 ಹೋಂ ರನ್ ಹೊಡೆದ ಮಿನೆಸೋಟದ ಹಾರ್ಮನ್ ಕಿಲ್ಲೆಬ್ರೂ ಸಹಿಯ ಒಂದೊಂದು ಅಕ್ಷರವೂ ಸ್ಪಷ್ಟ. ಟೋರಿ ಹಂಟರ್‌ನಂಥ ಕಿರಿಯರಿಗೂ ಅಭಿಮಾನಿಗೆ ಓದಲು ಬರುವಂತೆ ಬರೆಯಬೇಕೆಂದು ಅವರು ತಿದ್ದಿದ್ದರು. 2011ರಲ್ಲಿ ಅವರು ತೀರಿಕೊಂಡರು. ಈಚಿನವರ ಸಹಿ ಹೆಚ್ಚಾಗಿ ಒಂದು ಕೊಕ್ಕೆ, ಒಂದು ಗೆರೆ.

ಕಾಗದ ಕೈಯಲ್ಲೇ ಬರೆಯಿರಿ, ಒಂದು ಪುಟ ಮೀರದಿರಲಿ. ‘ನಾನು ನಿಮ್ಮ ದೊಡ್ಡ ಅಭಿಮಾನಿ’ ಎಂದು ಎಲ್ಲರೂ ಬರೆಯುತ್ತಾರೆ. ಅವರು ಆಡಿದ ಒಂದು ನಿರ್ದಿಷ್ಟ ಪಂದ್ಯ ಹುಡುಕಿ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ. ಸುಳ್ಳು ಹೇಳಬೇಡಿ. ಅವರ ಆಟವನ್ನು ನೀವು ನೋಡಿಲ್ಲವಾದರೆ ನೋಡಿಲ್ಲ ಎಂದೇ ಬರೆಯಿರಿ. ಕ್ರಿಕೆಟ್ಟಿನ ನಾಡಿನಿಂದ ಬಂದು ಹಳೇ ಕಾರ್ಡುಗಳಿಂದ ಈ ಆಟ ಕಲಿಯುತ್ತಿದ್ದೇನೆ ಎಂದು ನಾನು ಬರೆದ ಕಾಗದಗಳಿಗೆ ಉದ್ದುದ್ದ ಉತ್ತರ ಬಂದಿವೆ.

ಬೆಂಗಳೂರಿನಿಂದ ಬರೆಯುವುದಾದರೆ

ತಮ್ಮ, ತಂಗಿ, ಗೆಳೆಯರು ಊರಿನಿಂದಲೇ ಬರೆಯಬಹುದೇ ಎಂದು ಕೇಳುತ್ತಾರೆ. ಬರೆಯಬಹುದು. ಆದರೆ ಉತ್ತರದ ಲಕೋಟೆಗೆ ಭಾರತದ ಸ್ಟಾಂಪು ನಡೆಯುವುದಿಲ್ಲ, ಅದು ಹೊರಡುವುದು ಅಮೆರಿಕದಿಂದ. ಅಮೆರಿಕದಲ್ಲಿರುವ ಯಾರಿಂದಾದರೂ ‘ಗ್ಲೋಬಲ್ ಫಾರೆವರ್’ ಸ್ಟಾಂಪು ತರಿಸಿಕೊಳ್ಳಿ. ಒಂದು ಔನ್ಸಿನ ಕಾಗದಕ್ಕೆ ಒಂದು ಸಾಕು. ಇಲ್ಲವೇ ಇಲ್ಲಿನ ನೆಂಟರ ವಿಳಾಸವನ್ನೇ ಉತ್ತರದ ಲಕೋಟೆಗೆ ಬರೆದು, ಕಾರ್ಡುಗಳನ್ನು ಅವರ ಬಳಿ ಒಟ್ಟು ಮಾಡಿಸಿ, ಊರಿಗೆ ಬರುವಾಗ ತರಿಸಿಕೊಳ್ಳಿ. ನಾನು ಮೈಸೂರಿನ ಸೋದರಳಿಯನಿಗೆ ಹೀಗೇ ಮಾಡುವುದು. ಕಾಗದ ಅವನದು, ಕೈಬರಹ ಅವನದು, ಸ್ಟಾಂಪು ಮಾತ್ರ ನನ್ನದು.

ಉತ್ತರ ಬರದಿದ್ದರೆ ಒಂದು ವರ್ಷ ಬಿಟ್ಟು ಇನ್ನೊಂದೇ ಸಲ ಬರೆಯುತ್ತೇನೆ, ಬೇರೆ ಕಾರ್ಡಿನೊಂದಿಗೆ, ಹಳೆಯ ಕಾಗದದ ಮಾತೆತ್ತದೆ. ಆಗಲೂ ಬರದಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇನೆ. ಸಹಿ ಬಂದ ಸಂಜೆಯೇ ಒಂದು ಪೋಸ್ಟ್‌ಕಾರ್ಡಿನಲ್ಲಿ ಧನ್ಯವಾದ ಬರೆದು ಕಳಿಸುತ್ತೇನೆ, ಅದರಲ್ಲಿ ಏನನ್ನೂ ಕೇಳುವುದಿಲ್ಲ. ನಕ್ಷೆ ಕಳಿಸಿದೆನಲ್ಲ, ಆ ಪಿಚರ್‌ಗೆ ಈಗಲೂ ವರ್ಷಕ್ಕೊಂದು ಯುಗಾದಿ ಶುಭಾಶಯ ಹೋಗುತ್ತದೆ. ನನ್ನ ಹೆಸರಿನ ಕಾಗುಣಿತವನ್ನು ಅವರು ಈಗ ತಪ್ಪಿಲ್ಲದೆ ಬರೆಯುತ್ತಾರೆ.